ಮನೆಯಲ್ಲಿಲ್ಲದವರ ಕನೆಕ್ಷನ್

ನಮ್ಮ ಮಾವನವರು ಊರಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ನಂಬರು ಹಿಡಿದು ಕರೆಯುತ್ತಾರೆ. ಹಾಲು ಹಾಕುವ ಅಂದಾನೆಪ್ಪ ಅವರ ಬಾಯಲ್ಲಿ ‘ಇನ್ನೂರಾ ಹದಿನಾಲ್ಕು’. ಅವನ ತಾಯಿ ದುಂಡವ್ವ ‘ಇನ್ನೂರಾ ಹದಿನಾಲ್ಕರ ಮುದುಕಿ’. ನಾನು ಮದುವೆಯಾಗಿ ಶಲವಡಿಗೆ ಬಂದ ಹೊಸದರಲ್ಲಿ ಒಂದು ದಿನ ಅವರು ಕಟ್ಟೆಯ ಮೇಲಿಂದ, “ಇನ್ನೂರಾ ಎಂಟಕ್ಕ ಜ್ವರ ಬಂದಾವಂತ, ಇನ್ನೂರಾ ಮೂವತ್ತು ನೋಡಾಕ ಹೋಗೈತಿ” ಎಂದು ಅತ್ತೆಯವರಿಗೆ ಕೂಗಿ ಹೇಳಿದಾಗ, ಇದು ಮನೆಯೋ ಆಸ್ಪತ್ರೆಯ ವಾರ್ಡೋ ಎಂದು ಗಾಬರಿಯಾಗಿದ್ದೆ.

ಅವರ ಹೆಸರು ಕುಬೇರಪ್ಪ. ಟೆಲಿಫೋನಿನ ಲೈನ್‌ಮನ್ ಆಗಿದ್ದವರು. ಬೇಸಿಗೆಯಲ್ಲಿ ನಮ್ಮ ಎರೆ ಹೊಲದ ಕಪ್ಪು ನೆಲ ಬಾಯಿ ಬಿಟ್ಟಾಗ ವಾಲುವ ಕಂಬಗಳನ್ನು ನೆಟ್ಟಗೆ ನಿಲ್ಲಿಸುವುದು, ಮಳೆಗಾಲದಲ್ಲಿ ಗಾಲಿಗೆ ಎರೆಮಣ್ಣು ಮೆತ್ತಿಕೊಂಡ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಹರಿದ ತಂತಿ ಕೂಡಿಸುವುದು, ಇದೇ ಅವರ ಉದ್ಯೋಗ. ಆ ಕಂಬಗಳು ಈಗಿಲ್ಲ. ತಂತಿಗಳೂ ಇಲ್ಲ. ಎಕ್ಸ್‌ಚೇಂಜಿನ ಕೋಣೆಗೆ ಕೀಲಿ ಬಿದ್ದು ಯಾವ ಕಾಲವಾಯಿತೋ. ಉಳಿದಿರುವುದು ಮಾವನವರ ತಲೆಯೊಳಗಿನ ಮನೆಮನೆಯ ಫೋನ್ ನಂಬರುಗಳು, ಮತ್ತು ನಮ್ಮ ಮನೆಯ ತುಂಬ ತಂತಿಯ ತುಂಡುಗಳು. ಅರಿವೆ ಒಣಹಾಕುವುದು ಟೆಲಿಫೋನ್ ತಂತಿಯ ಮೇಲೆ. ಕೆಂಪು ಮೆಣಸಿನಕಾಯಿಯ ಸರ ಕಟ್ಟುವುದು ಟೆಲಿಫೋನ್ ತಂತಿಯಿಂದ. ನನ್ನ ಮಗಳ ತೊಟ್ಟಿಲ ಹಗ್ಗಕ್ಕೂ ಅದನ್ನೇ ಸುತ್ತಿದ್ದರು, ಇನ್ನಷ್ಟು ಗಟ್ಟಿಯಾಗಲಿ ಎಂದು. ಮೊಬೈಲಿನಲ್ಲಿ ಮಾತಾಡುವಾಗ ಇವತ್ತಿಗೂ ಟ್ರಂಕ್ ಕಾಲ್ ಧ್ವನಿ. ಬಾಜು ಮನೆಯವರು ರೇಡಿಯೊ ಆರಿಸಿ ಕೇಳುತ್ತಾರೆ.

“ನಿನ್ನ ಮಾವ ಕಂಬ ಬಿಟ್ಟು ಕೆಳಗ ಇಳಿದಾರ, ಕಂಬ ಇವರನ್ನ ಬಿಟ್ಟು ಇಳಿದಿಲ್ಲ” ಎನ್ನುತ್ತಾರೆ ಅತ್ತೆ ಮಹಾದೇವಕ್ಕ.

ನಮ್ಮ ಮನೆಯ ನಂಬರು ಇನ್ನೂರ ಇಪ್ಪತ್ತೊಂದು. ಇದೊಂದನ್ನು ನೆನಪಿಟ್ಟುಕೊಳ್ಳಿ. ನನ್ನ ಸಿಟ್ಟಿಗೆಲ್ಲ ಇದೇ ಮೂಲ.

ನನ್ನ ಮಗಳು ಅಮೃತಾಳಿಗೆ ಹುಟ್ಟಿನಿಂದ ಕಿವಿ ಮಂದ. ಎರಡೂ ಕಿವಿಗೆ ಯಂತ್ರ ಹಾಕಿದ ಮೇಲೆ ಕೇಳಿಸುತ್ತದೆ, ಆದರೆ ಕೇಳಿಸಿದ ಕೂಡಲೇ ಮಾತು ಬಂದುಬಿಡುವುದಿಲ್ಲ. ಮಾತು ಕಲಿಸುವವರು ಬೇಕು. ಹುಬ್ಬಳ್ಳಿಯಲ್ಲಿ ಖುಷ್ಬೂ ಎಂಬ ಹುಡುಗಿ ಆ ಕೆಲಸ ಮಾಡುತ್ತಾಳೆ. ಪ್ರತಿ ಗುರುವಾರ ಮುಂಜಾನೆ ಕಂಪ್ಯೂಟರಿನ ಪರದೆಯ ಮೇಲೆ ಬಂದು ಅಮೃತಾಳನ್ನು ಮಾತಾಡಿಸುತ್ತಾಳೆ. ಕಂಪ್ಯೂಟರ್ ಕೊಂಡದ್ದೇ ಇದಕ್ಕಾಗಿ. ಕೂಸಿಗೆ ತುಟಿ ದೊಡ್ಡದಾಗಿ ಕಾಣಬೇಕು. ಮೊಬೈಲಾದರೆ ಪಾಠ ಬಿಟ್ಟು ಅದನ್ನೇ ಕಸಿದುಕೊಳ್ಳಲು ಬರುತ್ತಾಳೆ. ಅದೂ ಅಲ್ಲದೆ ನಮ್ಮದು ಮಣ್ಣಿನ ಮಾಳಿಗೆಯ ಮನೆ, ಗೋಡೆ ಮೊಳ ದಪ್ಪ, ಒಳಗೆ ಮೊಬೈಲಿಗೆ ಸಿಗ್ನಲ್ ಬರುವುದಿಲ್ಲ. ಕಟ್ಟೆಗೆ ಬಂದರೆ ಮಾತಾಡುವಷ್ಟು ಬರುತ್ತದೆ, ಚಿತ್ರ ಬರುವುದಿಲ್ಲ.

ಬಹಳ ದಿನದಿಂದ ನಾವು ‘ಹ’ದ ಹತ್ತಿರ ಸಿಕ್ಕಿಬಿದ್ದಿದ್ದೆವು. ‘ಅ’ ಬಂತು, ‘ಮ’ ಬಂತು, ‘ಪ’ ಬಂತು. ‘ಹ’ ಬರಲೊಲ್ಲದು. ಅದು ಬರೀ ಉಸಿರು, ಕಿವಿಯ ಯಂತ್ರಕ್ಕೂ ಸರಿಯಾಗಿ ಸಿಗುವುದಿಲ್ಲ ಎಂದು ಖುಷ್ಬೂ ಹೇಳಿದ್ದಳು. ಬಾಯಿಯ ಮುಂದೆ ಕಾಗದದ ಪಟ್ಟಿ ಹಿಡಿದು ‘ಹ’ ಅಂದರೆ ಪಟ್ಟಿ ಅಲುಗಬೇಕು. ಅಥವಾ ಕೂಸಿನ ಅಂಗೈಯನ್ನು ನಮ್ಮ ಬಾಯಿಯ ಮುಂದಿಟ್ಟು ‘ಹ’ ಅನ್ನಬೇಕು, ಉಸಿರು ತಾಕಬೇಕು. ರೊಟ್ಟಿ ಬಡಿಯುವಾಗ, ಜಳಕ ಮಾಡಿಸುವಾಗ, ಬೀದಿಯಲ್ಲಿ ನಡೆಯುವಾಗ ನಾನು ಹುಚ್ಚಿಯ ಹಾಗೆ ಹ ಹ ಹ ಅನ್ನುತ್ತಿದ್ದೆ. ಅವಳು ನನ್ನ ಮುಖ ನೋಡಿ ನಗುತ್ತಿದ್ದಳು. ಆ ನಗುವಿಗೂ ‘ಹ’ ಇರಲಿಲ್ಲ.

ಇನ್ನು ಕಂಪ್ಯೂಟರಿಗೆ ನೆಟ್ ಬರುವ ದಾರಿ. ಊರಿನಲ್ಲಿ ನೆಟ್ ಹಾಕಿಕೊಡುವ ಮಶಾಕಸಾಬ ನಮ್ಮ ಪಡಸಾಲೆಯ ಗೋಡೆಗೆ ಒಂದು ಡಬ್ಬಿ ಹೊಡೆದುಹೋಗಿದ್ದಾನೆ. ಕಂಪ್ಯೂಟರಿಗೆ ಹೆಬ್ಬೆರಳು ಗಾತ್ರದ ಒಂದು ಕಡ್ಡಿ ಚುಚ್ಚಿದರೆ ಅದು ಡಬ್ಬಿಯಿಂದ ನೆಟ್ ಹಿಡಿಯುತ್ತದೆ. ಎಲ್ಲರ ಮನೆಯಲ್ಲೂ ಡಬ್ಬಿ ತಾನಾಗಿ ಒಂದು ನಂಬರು ಕೊಡುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮ ಮನೆಯಲ್ಲಿ ಹಾಗಲ್ಲ.

“ಯಾರ ಬಂದ್ರೂ ನಂಬರ್ ಹಂಚೂ ಡಬ್ಬಿ ನಮಗ ಬ್ಯಾಡ” ಎಂದು ಮಾವನವರು ಮಶಾಕಸಾಬನನ್ನು ಏಣಿಯಿಂದ ಕೆಳಗಿಳಿಸಿದ್ದರು. “ಕನೆಕ್ಷನ್ ಅಂದ ಮ್ಯಾಲೆ ಅದಕ್ಕೊಂದು ಕಾಯಂ ನಂಬರ್ ಇರಬೇಕು. ನಮ್ಮದು ಇನ್ನೂರಾ ಇಪ್ಪತ್ತೊಂದು. ಅದಕ್ಕ ಅಷ್ಟ ಬಾಗಲಾ ತಗೀಬೇಕು, ಬ್ಯಾರೇದಕ್ಕ ತಗೀಬಾರದು. ಹಂಗ ಮಾಡಿ ಕೊಡು.”

ಮಶಾಕಸಾಬ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಕಡೆಗೆ ಅವನು ಹಾಗೇ ಮಾಡಿಕೊಟ್ಟ. ಕಡ್ಡಿಗೂ ಅದೇ ನಂಬರು ಬರೆದದ್ದಾಯಿತು. ನೆಟ್ ಬಂತು. ಇಲ್ಲಿಗೆ ಮುಗಿದಿದ್ದರೆ ನನಗೆ ಬರೆಯಲು ಏನೂ ಇರುತ್ತಿರಲಿಲ್ಲ.

ಮಾವನವರಿಗೆ ಇನ್ನೊಂದು ರೂಢಿ. ಅವರ ಎಕ್ಸ್‌ಚೇಂಜಿನಲ್ಲಿ ಎರಡು ಬ್ಯಾಟರಿ ಸೆಟ್ ಇದ್ದವಂತೆ. ಒಂದು ದಿನ ಇದು ದುಡಿದರೆ ಮರುದಿನ ಅದು. ಯಾವುದನ್ನೂ ದಣಿಸಬಾರದು. ಅದೇ ನ್ಯಾಯವನ್ನು ಕಂಪ್ಯೂಟರಿಗೂ ಹಚ್ಚಿದರು. ನೆಟ್ ಕಡ್ಡಿಯನ್ನು ಒಂದೇ ತೂತಿನಲ್ಲಿ ಬಹಳ ದಿನ ಇಟ್ಟರೆ ಆ ತೂತು ದಣಿಯುತ್ತದೆ, ಆದ್ದರಿಂದ ಸರದಿಯ ಮೇಲೆ ಒಂದೊಂದು ತೂತಿಗೆ ಹಾಕಬೇಕು. ಕಂಪ್ಯೂಟರಿನದು ಬೇರೆಯೇ ನ್ಯಾಯ. ತೂತು ಬದಲಾದರೆ ಅದರ ಪಾಲಿಗೆ ಕಡ್ಡಿಯೂ ಹೊಸದು. ಹೊಸ ಹೆಸರು ಕೊಡುತ್ತದೆ, ವೈಫೈ ಎರಡು, ವೈಫೈ ಮೂರು, ಹೀಗೆ. ಹಳೆಯ ಹೆಸರನ್ನು ಅಳಿಸುವುದಿಲ್ಲ, ಒಳಗೆಲ್ಲೋ ಮಡಚಿ ಇಟ್ಟುಕೊಳ್ಳುತ್ತದೆ. ಮಾವನವರು ಹೊಸ ಹೆಸರಿಗೂ ಇನ್ನೂರ ಇಪ್ಪತ್ತೊಂದು ಬರೆಯಲು ಹೋಗುತ್ತಿದ್ದರು. ಆಗ ಪರದೆಯ ಮೇಲೆ ಒಂದು ಚೌಕ ಮೂಡುತ್ತಿತ್ತು: ‘ಈ ನಂಬರು ಇನ್ನೊಬ್ಬರಿಗೆ ಸೇರಿದೆ. ಅವರು ಈಗ ಇಲ್ಲಿ ಇಲ್ಲ. ಇಲ್ಲದವರ ನಂಬರು ತೆಗೆದುಹಾಕಲೇ?’

ಬೇರೆ ಯಾರೇ ಆದರೂ ‘ಹೌದು’ ಒತ್ತುತ್ತಾರೆ. ನಮ್ಮ ಮಾವನವರು ‘ಇಲ್ಲ’ ಒತ್ತುತ್ತಿದ್ದರು. ಪ್ರತಿಸಲವೂ.

‘ಇಲ್ಲ’ ಅಂದರೆ ಕಂಪ್ಯೂಟರ್ ಹಳಬರಿಗೂ ಹೊಸಬರಿಗೂ ಅದೇ ನಂಬರು ಬರೆದುಕೊಂಡು ಗೊಂದಲದಲ್ಲಿ ಕೂಡುತ್ತಿತ್ತು. ನೆಟ್ ಬಂದ ಹಾಗೆ ಮಾಡಿ ಹೋಗುತ್ತಿತ್ತು. ಆಗ ನನ್ನ ಗಂಡ ಪ್ರಭು ಅಣ್ಣಿಗೇರಿಯ ಬೀಜದ ಅಂಗಡಿಯಿಂದ ಬಂದವರು ಮಾತಿಲ್ಲದೆ ಕಡ್ಡಿಯನ್ನು ಕಿತ್ತು ಮೊದಲನೇ ತೂತಿಗೆ ಚುಚ್ಚಿಬಿಡುತ್ತಿದ್ದರು. ಅಲ್ಲಿ ಹಳೆಯ ಹೆಸರು, ಹಳೆಯ ನಂಬರು, ಎಲ್ಲ ಸರಿ. “ಅಪ್ಪನ ಕೂಡ ವಾದ ಮಾಡೂಕಿಂತ ಇದು ಹಗರ ಐತಿ” ಎನ್ನುತ್ತಿದ್ದರು. ಈ ಮನೆಯ ಗಂಡಸರು ಎಲ್ಲವನ್ನೂ ಹೀಗೇ ಬಗೆಹರಿಸುತ್ತಾರೆ. ಕೆಟ್ಟದ್ದನ್ನು ತೆಗೆಯುವುದಿಲ್ಲ, ಅದರ ಬಾಜೂಕೆ ಹಾದು ಹೋಗುತ್ತಾರೆ.

ಆಮೇಲೆ ಒಂದು ದಿನ ಅಮೃತಾ ಆ ಮೊದಲನೇ ತೂತಿನೊಳಗೆ ಒಂದು ಹುಣಸೆ ಬೀಜವನ್ನು ತುರುಕಿದಳು. ತೆಗೆಯಲು ಅತ್ತೆಯವರು ಪಿನ್ನು ಹಾಕಿದರು. ಒಳಗಿನ ನಾಲಿಗೆ ಮುರಿಯಿತು. ಹಳೆಯ ದಾರಿ ಅಲ್ಲಿಗೆ ಮುಗಿಯಿತು.

ಅದಾದ ಮೇಲೆ ಎರಡು ಗುರುವಾರ ಪಾಠ ತಪ್ಪಿತು. ಎರಡನೆಯ ಸಲ ಖುಷ್ಬೂ ಫೋನಿನಲ್ಲಿ ಮೆಲ್ಲಗೆ ಹೇಳಿದಳು: “ಅಕ್ಕಾ, ನಿಮ್ಮ ಹೊತ್ತಿಗೆ ಬ್ಯಾರೇ ಮಕ್ಕಳು ಕಾಯಾಕತ್ತಾವ್ರಿ. ಬರೂ ಗುರುವಾರ ತಪ್ಪಿಸಬ್ಯಾಡ್ರಿ. ಮತ್ತ ತಪ್ಪಿದ್ರ ಆ ಹೊತ್ತು ಅವರಿಗೆ ಕೊಡಬೇಕಾಗ್ತೈತಿ.”

ಆ ಗುರುವಾರ ಮುಂಜಾನೆ ಎದ್ದವಳೇ ಮಶಾಕಸಾಬನಿಗೆ ಫೋನ್ ಮಾಡಿದೆ. ಬಂದು ಡಬ್ಬಿಯ ಹಟ ಬಿಡಿಸಿಕೊಡು ಎಂದೆ.

“ನವಲಗುಂದದಾಗ ಅದೀನ್ರಿ ಅಕ್ಕಾರ, ಸಂಜೀಕ ಬರ್ತೀನಿ” ಎಂದ. ಆಮೇಲೆ ನಕ್ಕು, “ಡಬ್ಬಿ ಬಿಡ್ರಿ, ನಿಮ್ಮ ಮಾವಾರ್ನ ರಿಪೇರಿ ಮಾಡಾಕ ಬರಾಂಗಿಲ್ಲ ನನಗ” ಎಂದ. ಕಡೆಗೆ ಒಂದು ದಾರಿ ಹೇಳಿದ. ಕಂಪ್ಯೂಟರಿನೊಳಗೆ ಅದಕ್ಕೆ ಹಚ್ಚಿದ ಸಾಮಾನುಗಳ ಪಟ್ಟಿ ಇರುತ್ತದೆ. ಅಡಗಿದವುಗಳನ್ನೂ ತೋರಿಸು ಎಂದರೆ, ಈಗ ಹಚ್ಚಿರದ ಕಡ್ಡಿಗಳೆಲ್ಲ ಮಸುಕಾಗಿ ಕಾಣುತ್ತವೆ. ಆ ಮಸುಕಾದವನ್ನೆಲ್ಲ ತೆಗೆದುಹಾಕಿ, ಹೊಸದಕ್ಕೆ ನಂಬರು ಬರೆಯಿರಿ. “ಕಡ್ಡಿಗೇನೂ ಆಗಂಗಿಲ್ರಿ, ಹಳೇ ಹೆಸರು ಅಷ್ಟ ಹೋಗ್ತಾವು.”

ಅಷ್ಟೇ ತಾನೇ. ಸೆರಗು ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತೆ. ಪಟ್ಟಿ ತೆಗೆದೆ. ಅಡಗಿದ್ದನ್ನು ತೋರಿಸು ಎಂದೆ. ಅಯ್ಯೋ ಶಿವನೇ, ಒಂದರ ಕೆಳಗೆ ಒಂದು, ಮದುವೆಯ ಪಂಕ್ತಿ ಕುಳಿತ ಹಾಗೆ ಕುಳಿತಿದ್ದವು. ಎಲ್ಲದರ ಹೆಸರೂ ಒಂದೇ, ಮುಂದೆ ಬೇರೆ ಬೇರೆ ಅಂಕಿ. ಒಂದು ಮಾತ್ರ ಕಪ್ಪಗೆ, ಉಳಿದವೆಲ್ಲ ಮಸುಕು. ಮೊದಲನೆಯ ಮಸುಕಿನ ಮೇಲೆ ಬಾಣ ಇಟ್ಟು ‘ತೆಗೆ’ ಒತ್ತಬೇಕು, ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಮೌಸಿನ ಮೇಲೆ ಕೂತಿತು.

“ಏನ್ ಮಾಡಾಕತ್ತೀ?”

“ಹಳೇವು ತಗ್ಯಾಕತ್ತೀನ್ರಿ ಮಾವಾರ. ಇವು ನಂಬರ್ ಹಿಡಕೊಂಡು ಕುಂತಾವು.”

“ಅವು ಎಲ್ಲಿ ಅದಾವು ಈಗ?”

“ಎಲ್ಲೂ ಇಲ್ರಿ. ಅದಕ್ಕ ಮಸಕ ಕಾಣ್ತಾವು.”

“ಅಂದ್ರ ಮನಿಯಾಗ ಇಲ್ಲ.” ಮಾವನವರು ಕನ್ನಡಕ ಏರಿಸಿಕೊಂಡರು. “ಮನಿಯಾಗ ಇಲ್ಲದವರ ಕನೆಕ್ಷನ್ ಕಡೀತಾರೇನು?”

ಇಲ್ಲಿ ಅವರ ನೌಕರಿಯ ಒಂದು ಸಂಗತಿ ಹೇಳಬೇಕು. ಅವರು ಸಾಯಂಕಾಲಗಳಲ್ಲಿ ಎಷ್ಟೋ ಸಲ ಹೇಳಿ ನನಗೆ ಬಾಯಿಪಾಠವಾಗಿದೆ. ಯಾವುದಾದರೂ ಮನೆಯ ಫೋನ್ ಕಡಿ ಎಂದು ಮೇಲಿನಿಂದ ಹುಕುಂ ಬಂದರೆ ಮಾವನವರು ಏಣಿ ಹೊತ್ತುಕೊಂಡು ಹೋಗಿ ಮೊದಲು ಆ ಮನೆಯ ಕಟ್ಟೆಯ ಮೇಲೆ ಕೂಡುತ್ತಿದ್ದರು. ಮನೆಯ ಹೆಣ್ಣುಮಗಳನ್ನು ಕರೆದು, “ಯವ್ವಾ, ಇದು ಕಡೀ ಮಾತು. ಯಾರ ಕೂಡ ಮಾತಾಡಬೇಕು ಹೇಳು” ಎಂದು ಕೇಳಿ, ಅವಳು ತವರಿಗೋ ಮಗಳಿಗೋ ಮಾತಾಡಿ ಮುಗಿಸುವ ತನಕ ಕಾದು, ಆಮೇಲೆ ಕಂಬ ಹತ್ತುತ್ತಿದ್ದರು. ಗೋವಾಕ್ಕೆ ದುಡಿಯಲು ಹೋಗಿ ಕೀಲಿ ಹಾಕಿದ ಮನೆಯಾದರೆ ಕಂಬವನ್ನೇ ಮುಟ್ಟುತ್ತಿರಲಿಲ್ಲ. ಕಡೆಯ ಮಾತು ಆಡದೆ ಯಾರದೂ ಫೋನ್ ಕಡಿಯಬಾರದು. ಮೇಲಿನವರು ಬೈದರೂ ‘ಮನಿಗೆ ಕೀಲಿ ಐತ್ರಿ ಸಾಹೇಬರ’ ಎಂದು ಏಣಿ ಸಮೇತ ಹಿಂದೆ ಬರುತ್ತಿದ್ದರು.

ಒಳ್ಳೆಯ ಮನುಷ್ಯ, ಇಲ್ಲ ಅನ್ನುವುದಿಲ್ಲ. ಆದರೆ ಗಡಿಯಾರ ಓಡುತ್ತಿತ್ತು.

“ಮಾವಾರ, ಇವು ಮನಿ ಅಲ್ರಿ. ಕಡ್ಡಿ.”

“ಕಡ್ಡಿ ಅಲ್ಲ, ನಂಬರ್. ನಂಬರ್ ಅಂದ್ರ ಆತು, ಮನೀನ. ನಾಳೆ ಅವು ಹೊಳ್ಳಿ ಬಂದ್ರ?”

“ಎಲ್ಲಿಂದ ಬರ್ತಾವ್ರಿ? ಕಡ್ಡಿ ಇರೂದು ಒಂದ! ನೀವ ತೂತು ತೂತಿಗೆ ಹಾಕಿ ಹಾಕಿ ಒಂದನ್ನ ಇಷ್ಟು ಮಾಡೀರಿ!”

“ನಾ ಮಾಡಿದ್ನೇ? ತೂತಿಗೆ ವಿಶ್ರಾಂತಿ ಕೊಟ್ಟೆ ನಾನು.”

ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. “ಏನ್ರಿ, ನನಗೂ ಒಂದೀಟು ವಿಶ್ರಾಂತಿ ಕೊಡ್ರಿ, ಆ ತೂತಿಗೆ ಕೊಟ್ಟಂಗ” ಎಂದು ಅತ್ತೆಯವರು ಕೂಗಿದರು. ರೊಟ್ಟಿ ಮತ್ತೆ ಶುರುವಾಯಿತು.

ಮಾವನವರಿಗೆ ಅದು ಕೇಳಿಸಲೇ ಇಲ್ಲ. “ಒಂದು ಕೆಲಸ ಮಾಡೂಣು” ಎಂದರು, ಬಹಳ ಉಪಕಾರ ಮಾಡುವವರ ಹಾಗೆ. “ಒಂದೊಂದು ತೂತಿಗೆ ಕಡ್ಡಿ ಹಚ್ಚಿ ನೋಡೂಣು. ಜೀವ ಐತ್ಯೋ ಇಲ್ಲೋ ತಿಳೀತೈತಿ. ಇಲ್ಲಂದ್ರ ಆಮ್ಯಾಲ ತಗೀ.”

ನಾನು ಬೇಡ ಎನ್ನುವಷ್ಟರಲ್ಲಿ ಕಡ್ಡಿ ಕಿತ್ತು ಮುಂದಿನ ಬದಿಯ ತೂತಿಗೆ ಚುಚ್ಚಿಬಿಟ್ಟರು. ಅಲ್ಲಿಗೆ ಇದುವರೆಗೆ ಯಾರೂ ಏನೂ ಚುಚ್ಚಿರಲಿಲ್ಲ. ಟಿಂಗ್ ಎಂದು ಸಪ್ಪಳವಾಯಿತು. ಪಟ್ಟಿಯಲ್ಲಿ ಇನ್ನೊಂದು ಹೊಸ ಹೆಸರು ಬಂದು ಕೂತಿತು.

ನಾನು ಎರಡೂ ಕೈಯಿಂದ ತಲೆ ಹಿಡಿದುಕೊಂಡೆ. ನನ್ನನ್ನು ನೋಡಿ ಅಮೃತಾಳೂ ತಲೆ ಹಿಡಿದುಕೊಂಡಳು. ಅವಳಿಗೆ ಇದೆಲ್ಲ ಆಟ.

ಅಷ್ಟರಲ್ಲಿ ಕಟ್ಟೆಯ ಮೇಲಿಟ್ಟಿದ್ದ ಮೊಬೈಲ್ ಬಡಿದುಕೊಂಡಿತು. ಓಡಿಹೋಗಿ ಎತ್ತಿದೆ. ಖುಷ್ಬೂ. ಮಾವನವರೂ ಹಿಂದೆಯೇ ಬಂದರು. ಮನೆಗೆ ಬಂದ ಫೋನು ತಾವೂ ಕೇಳಬೇಕು ಅವರಿಗೆ, ಅದಕ್ಕೇ ಸ್ಪೀಕರ್ ಹಾಕಿದೆ.

“ಅಕ್ಕಾ, ನಾನು ಬಂದು ಕುಂತೇನ್ರಿ, ನೀವು ಕಾಣವಲ್ರಿ.”

“ಒಂದೀಟು ತಡೀರಿ ಮೇಡಂ, ಇಲ್ಲೆ ಒಂದು...” ಏನೆಂದು ಹೇಳಲಿ? “ನೆಟ್ ಬರವಲ್ತು.”

“ಅಕ್ಕಾ, ನನಗೂ ಕೆಟ್ಟ ಅನಸ್ತೈತಿ. ಆದರ ನಾನು ಹಿಂದಿನ ಸಲಾನ ಹೇಳಿದ್ದೆ.”

ಮಾವನವರು ನನ್ನ ಕೈಯಿಂದ ಮೊಬೈಲ್ ಕಸಿದುಕೊಂಡು ಬಾಯಿಯ ಮುಂದೆ ಹಿಡಿದರು.

“ಹಲೋ! ಇನ್ನೂರಾ ಇಪ್ಪತ್ತೊಂದು ಮಾತಾಡಾಕತ್ತೀನ್ರಿ!”

“ಯಾರ್ರಿ?”

“ಕೂಸಿನ ಅಜ್ಜ! ನೋಡ್ರಿ ಬಾಯಾರ, ನಮ್ಮ ಮನಿಗೆ ಕೀಲಿ ಹಾಕಿಲ್ಲ. ಎಲ್ಲಾರೂ ಮನಿಯಾಗ ಅದೀವಿ. ಕೂಸೂ ಐತಿ. ಲೈನ್ ಕೆಟ್ಟೈತಿ ಅಷ್ಟ. ನಮ್ಮ ಕನೆಕ್ಷನ್ ಕಡೀಬ್ಯಾಡ್ರಿ!”

ಹಾದಿಯಲ್ಲಿ ಹೋಗುತ್ತಿದ್ದ ಅಂದಾನೆಪ್ಪ ಹಾಲಿನ ಕ್ಯಾನು ಇಳಿಸಿ ನಿಂತ. ಮಾವನವರ ಧ್ವನಿಯಲ್ಲಿ ನಾನು ಎಂದೂ ಕೇಳಿರದ ಒಂದು ನಡುಕವಿತ್ತು. ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಹಾಗೇ ಇತ್ತು.

“ಕಡ್ಯಾಕ ನನಗೂ ಮನಸಿಲ್ರಿ ಅಜ್ಜಾರ” ಎಂದಳು ಖುಷ್ಬೂ. “ಆದರ ಕಲಘಟಗಿ ಕಡೆ ದೇವಿಕೊಪ್ಪದಾಗ ಒಂದು ಹುಡುಗ ಅದಾನ. ಅಮೃತಾಗಿಂತ ದೊಡ್ಡಾವ, ಇನ್ನೂ ಅವ್ವಾ ಅನ್ನಾಕ ಬರಂಗಿಲ್ಲ. ಅವರವ್ವ ದಿನಾ ಫೋನ್ ಮಾಡಿ ಕೇಳ್ತಾಳ, ಯಾವುದಾರ ಹೊತ್ತು ಖಾಲಿ ಆತೇನ್ರಿ ಅಂತ. ನೀವು ಬರದ ಗುರುವಾರ ನಾನು ಇಲ್ಲೆ ಖಾಲಿ ಪರದೆ ನೋಡಿಕೋಂತ ಕುಂದ್ರತೀನಿ. ಹಂಗ ಕುಂತು ಆಕಿಗೆ ಖಾಲಿ ಇಲ್ಲ ಅಂತ ಹ್ಯಾಂಗ ಹೇಳ್ಲಿ ನೀವ ಹೇಳ್ರಿ.”

“ಪಾಳೇ ಐತೇನ್ರಿ ಅಲ್ಲೆ?” ಎಂದು ಮಾವನವರು ಕೇಳಿದರು, ಈ ಸಲ ಸಾಮಾನ್ಯ ಧ್ವನಿಯಲ್ಲಿ.

“ಐತ್ರಿ. ಉದ್ದ ಐತಿ.”

ಅವರು ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಕಟ್ಟೆಯ ಮೇಲೆ ಕುಳಿತರು. ಖುಷ್ಬೂಳಿಗೆ ಸ್ವಲ್ಪ ತಡೆಯಲು ಬೇಡಿಕೊಂಡು ನಾನು ತಿರುಗಿ ನೋಡಿದರೆ ಅವರು ಅಂದಾನೆಪ್ಪನನ್ನು ನೋಡುತ್ತಿದ್ದರು, ಆದರೆ ಮನಸ್ಸು ಅವನ ಮೇಲೆ ಇರಲಿಲ್ಲ.

“ಹುಚ್ಚಪ್ಪ ಮಾಸ್ತರ ಫೋನ್ ಬೇಕಂತ ದಿನಾ ನನ್ನ ಸೈಕಲ್ ತಡೀತಿದ್ದ” ಎಂದರು. “ಎಕ್ಸ್‌ಚೇಂಜಿನ್ಯಾಗ ಇದ್ದದ್ದ ಅಷ್ಟು ನಂಬರ್. ಒಂದು ಖಾಲಿ ಆದ್ರ ಇನ್ನೊಬ್ಬರಿಗೆ. ‘ಯಾವುದಾರ ಖಾಲಿ ಆತೇನೋ ಕುಬೇರ’ ಅಂತಿದ್ದ. ಇಲ್ರಿ ಸರ ಅಂತಿದ್ದೆ ನಾನು. ಅತ್ತಾಗ ಕೀಲಿ ಹಾಕಿದ ಮನ್ಯಾಗ ಫೋನು ಒಂದ ಸಮ ಬಡಕೋತಿತ್ತು. ಎತ್ತಾವ್ರ ಇಲ್ಲ. ಮಾಸ್ತರ ಸುದ್ದಿ ನನ್ನ ತಲ್ಯಾಗ ಬರಲೇ ಇಲ್ಲ ನೋಡು. ಬರೇ ಕೀಲಿ ಹಾಕಿದವರ ಸುದ್ದಿನ.”

“ಮಾವಾರ...”

“ತಗೀ” ಎಂದು ಎದ್ದರು. “ನಡಿ, ತಗೀ.”

ಪಡಸಾಲೆಗೆ ಬಂದು ಅಮೃತಾಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ನನ್ನ ಬಾಜು ಕುಳಿತರು. ನಾನು ಮೊದಲನೆಯ ಮಸುಕು ಹೆಸರಿನ ಮೇಲೆ ಬಾಣ ಇಟ್ಟೆ. ಒತ್ತಿದೆ. ಪಟ್ಟಿಯಿಂದ ಒಂದು ಸಾಲು ಮಾಯವಾಯಿತು.

“ಹೋತು” ಎಂದರು ಮಾವನವರು. ಕಂಬದ ಮೇಲಿಂದ ತಂತಿ ಬಿಟ್ಟಾಗ ಕೆಳಗಿನವರಿಗೆ ಕೂಗಿ ಹೇಳುವ ‘ಹೋತು’. ಎದೆಯಿಂದ ಬಂದದ್ದು, ಮೀಸೆ ಹಾರುವಂಥದ್ದು.

ಎರಡನೆಯದು. “ಹೋತು.”

ಮೂರನೆಯದಕ್ಕೆ ತಡೆದರು. “ಇದು ಯಾವ ತೂತಿಂದು? ಹಿಂದಿಂದಲ್ಲ? ಒಂದು ಸಲ ಹಚ್ಚಿ...”

“ಮಾವಾರ!”

“ಆತು, ಆತು. ತಗೀ. ಹೋತು.”

ಒಂದೊಂದು ಸಾಲಿಗೂ ಅವರು ಹೀಗೇ ಕೂಗುತ್ತಿದ್ದರು. ನನಗೆ ತಲೆ ಚಿಟ್ಟು ಹಿಡಿದಿತ್ತು. ಒತ್ತಬೇಕು, ‘ಖಂಡಿತವೇ?’ ಎಂದು ಅದು ಕೇಳಬೇಕು, ಹೌದು ಅನ್ನಬೇಕು, ಪಟ್ಟಿ ಒಮ್ಮೆ ನಡುಗಬೇಕು, ಮತ್ತೆ ಮೇಲಿಂದ ಶುರು. ಅತ್ತೆಯವರು ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ಬಂದು ನಿಂತು, “ಇಷ್ಟು ಮಂದಿ ಎಲ್ಲಿದ್ರು ನಮ್ಮ ಮನ್ಯಾಗ? ಊಟಕ್ಕ ಬಂದಿಲ್ಲ ಪುಣ್ಯಾ” ಎಂದರು. ಅಮೃತಾ ಪರದೆ ನೋಡುತ್ತಿರಲಿಲ್ಲ. ಅಜ್ಜನ ಬಾಯಿ ನೋಡುತ್ತಿದ್ದಳು. ಖುಷ್ಬೂ ಕಲಿಸಿದ ಹಾಗೆ ಅಂಗೈ ಎತ್ತಿ ಅವರ ಮೀಸೆಯ ಮುಂದೆ ಹಿಡಿದುಕೊಂಡಿದ್ದಳು. ನಾನು ನೋಡಿದೆ, ಆದರೆ ನೋಡುವ ಪುರುಸೊತ್ತು ಇರಲಿಲ್ಲ.

ಮಸುಕಾದದ್ದು ಒಂದೂ ಉಳಿಯಲಿಲ್ಲ. ಕಪ್ಪಗಿದ್ದ ಒಂದೇ ಒಂದಕ್ಕೆ ಮಾವನವರೇ ಒಂದೇ ಬೆರಳಿನಿಂದ ಇನ್ನೂರ ಇಪ್ಪತ್ತೊಂದು ಬರೆದರು. ಚೌಕ ಮೂಡಲಿಲ್ಲ. ಯಾರದೂ ತಕರಾರಿಲ್ಲ. ಮೂಲೆಯಲ್ಲಿ ನೆಟ್ಟಿನ ಗುರುತು ಬಂತು, ನಿಂತಿತು.

ಪರದೆಯ ಮೇಲೆ ಖುಷ್ಬೂಳ ಮುಖ ಬಂದಾಗ ನಮ್ಮ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದಿತ್ತು. ಅವಳು ಕೂಡಲೇ ಕಾಗದದ ಪಟ್ಟಿ ಎತ್ತಿದಳು. ‘ಹ’. ಪಟ್ಟಿ ಅಲುಗಿತು. ಅಮೃತಾ ಸುಮ್ಮನೆ ನೋಡಿದಳು. ಮತ್ತೆ ‘ಹ’. ಇವಳು ಜಡೆ ಜಗ್ಗಿಕೊಂಡಳು. ಎಂದಿನ ಹಾಗೇ. ಇಷ್ಟೆಲ್ಲ ಬಡಿದಾಡಿದ್ದು ಇದಕ್ಕಾ ಎಂದು ನನಗೆ ಅಳು ಬಂತು.

ಹೊತ್ತು ಮುಗಿಯುತ್ತ ಬಂದಿತ್ತು. ಖುಷ್ಬೂ ಪಾಠದ ಗೊಂಬೆಗಳನ್ನು ಒಂದೊಂದಾಗಿ ಅರಿವೆಯ ಕೆಳಗೆ ಮುಚ್ಚಿಡತೊಡಗಿದಳು. ಆನೆ ಒಳಗೆ ಹೋಯಿತು. ಬೆಕ್ಕು ಒಳಗೆ ಹೋಯಿತು.

“ಹೋ” ಎಂದಳು ಅಮೃತಾ. ನಾನು ಅವಳ ಬಾಯಿಯ ಮುಂದೆ ಹಿಡಿದಿದ್ದ ಪಟ್ಟಿ ಅಲುಗಿತು.

ಖುಷ್ಬೂಳ ಕೈ ಅರಿವೆಯ ಮೇಲೆ ನಿಂತಿತು. ಅವಳು ಮೆಲ್ಲಗೆ ಕೋಳಿಯನ್ನು ಎತ್ತಿ ತೋರಿಸಿ ಮುಚ್ಚಿದಳು.

“ಹೋತ್ತು.” ಈ ಸಲ ಕತ್ತೆತ್ತಿ, ಅಜ್ಜನ ಹಾಗೆ, ಕಂಬದ ಮೇಲಿಂದ ಕೂಗಿದ ಹಾಗೆ.

“ತು ಇನ್ನೂ ತಿದ್ದಬೇಕು” ಎಂದಳು ಖುಷ್ಬೂ, ಕಣ್ಣು ಒರೆಸಿಕೊಂಡು. “ಹೋ ಅಗದಿ ಚಲೋ ಬಂತ್ರಿ. ಯಾರು ಕಲಿಸಿದ್ರಿ?”

ಮಾವನವರು ಈಗ ಸುಮ್ಮನಿರಬೇಕಿತ್ತು. ಜಗತ್ತಿನಲ್ಲಿ ಬೇರೆ ಯಾವ ಅಜ್ಜನಾದರೂ ಸುಮ್ಮನಿರುತ್ತಿದ್ದ. ಅವರು ನನ್ನನ್ನು ಸರಿಸಿ ಪರದೆಯ ಮುಂದೆ ಮುಖ ಚಾಚಿದರು.

“ಬಾಯಾರ, ಆ ದೇವಿಕೊಪ್ಪದ ಹುಡುಗಂದು ಏನು ಮಾಡಿದ್ರಿ?”

“ಈಗ ನೀವು ಬಂದ್ರೆಲ್ರಿ. ಅವನು ಇನ್ನೂ ಕಾಯಬೇಕು.”

“ನಮ್ಮ ಕಾಲಕ್ಕ ನಂಬರ್ ಕಡಿಮಿ ಬಿದ್ರ ಒಂದ ಲೈನಿಗೆ ಎರಡು ಮನಿ ಕೂಡಿಸ್ತಿ​ದ್ವಿ. ಇಬ್ಬರೂ ಒಂದ ಹೊತ್ತಿನ್ಯಾಗ ಬರಾಕ ಆಗಂಗಿಲ್ಲೇನು?”

ನಾನು ಅವರ ಅಂಗಿಯ ತುದಿ ಹಿಡಿದು ಜಗ್ಗಿದೆ. ಬೆಳಗಿನಿಂದ ಜೀವ ತೇಯ್ದು ಉಳಿಸಿಕೊಂಡ ಹೊತ್ತು. ಅದರಲ್ಲಿ ಅರ್ಧ ದಾನ! ಖುಷ್ಬೂ ನನ್ನ ಮುಖ ನೋಡಿದಳು. ಆ ತಾಯಿ ದಿನಾ ಫೋನ್ ಮಾಡುತ್ತಾಳೆ ಎಂಬುದು ನನ್ನ ಕಿವಿಯಲ್ಲೂ ಉಳಿದಿತ್ತು. ನಾನೂ ಹಿಂದೊಮ್ಮೆ ಹಾಗೆಯೇ ದಿನಾ ಮಾಡಿದ್ದವಳು. ತಲೆಯಾಡಿಸಿದೆ, ಹಲ್ಲು ಕಚ್ಚಿಯೇ.

ಈಗ ಗುರುವಾರ ಪರದೆಯ ಮೇಲೆ ಎರಡು ಚೌಕ. ಮೊದಲು ಅಮೃತಾ ಒಬ್ಬಳೇ, ಆಮೇಲೆ ದೇವಿಕೊಪ್ಪದ ಕಿರಣಕುಮಾರ ಬರುತ್ತಾನೆ, ಸ್ವಲ್ಪ ಹೊತ್ತು ಇಬ್ಬರೂ ಕೂಡಿ, ಕಡೆಗೆ ಅವನೊಬ್ಬನೇ. ಅವನನ್ನು ಕಂಡರೆ ಅಮೃತಾಳಿಗೆ ಹುರುಪು. ಅವನು ಇವಳ ಹಾಗೆ ‘ಹೋ’ ಅನ್ನಲು ಹೋಗಿ ಪಟ್ಟಿಯ ಮೇಲೆ ಉಗುಳುತ್ತಾನೆ, ಇವಳು ಬಿದ್ದು ಬಿದ್ದು ನಗುತ್ತಾಳೆ. ಆ ನಗುವಿನಲ್ಲಿ ಈಗ ‘ಹ’ ಇದೆ.

ಕಡ್ಡಿ ಇರುವ ತೂತೊಂದನ್ನು ಬಿಟ್ಟು ಉಳಿದವಕ್ಕೆಲ್ಲ ನಾನು ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ್ದೇನೆ. ಮಾವನವರು ದಿನಾ ಮುಂಜಾನೆ ಕಡ್ಡಿಯ ಆ ಒಂದೇ ತೂತಿನ ಮುಂದೆ ನಿಂತು, “ಇದರ ಮ್ಯಾಲ ಭಾಳ ಹೊರಿ ಬೀಳಾಕತ್ತೈತಿ” ಎಂದು ಮರುಗುತ್ತಾರೆ. ಬಿಚ್ಚಿಲ್ಲ, ಇಲ್ಲಿಯವರೆಗೆ.

ಮೊನ್ನೆ ಗುರುವಾರ ದೇವಿಕೊಪ್ಪದ ಚೌಕ ಕಪ್ಪಗೆ ಉಳಿಯಿತು. ಕಿರಣಕುಮಾರನ ತಾಯಿ ಸುನಿತಾ ನಮ್ಮ ಮನೆಗೇ ಫೋನ್ ಮಾಡಿದಳು. ನಾನು ಕಟ್ಟೆಗೆ ಬರುವಷ್ಟರಲ್ಲಿ ಮಾವನವರು ಎತ್ತಿಯಾಗಿತ್ತು.

“ಹಲೋ! ಇನ್ನೂರಾ ಇಪ್ಪತ್ತೊಂದು! ನೆಟ್ ಹೋತೇನು? ಅಂಜಬ್ಯಾಡ ಯವ್ವಾ. ಕಡ್ಡಿ ಯಾವ ತೂತಿನ್ಯಾಗ ಐತಿ? ಭಾಳ ದಿನ ಅದರಾಗ ಇಟ್ಟೀ ಏನು? ಹಂಗಾದ್ರ ಅದಕ್ಕೂ ಒಂದೀಟು ವಿಶ್ರಾಂತಿ...”

ನಾನು ಓಡಿಹೋಗಿ ಅವರ ಕೈಯಿಂದ ಫೋನ್ ಕಸಿದುಕೊಂಡೆ.

“ಸುನಿತಾ, ನಾ ಸುಮಂಗಲಾ ಮಾತಾಡಾಕತ್ತೀನಿ” ಎಂದೆ. “ಅಜ್ಜಾರು ಏನು ಹೇಳಿದ್ರೂ ಕೇಳಬ್ಯಾಡ. ಇದ್ದಲ್ಲೇ ಇರಲಿ ಅದು, ಮುಟ್ಟಬ್ಯಾಡ.”